ಸ್ಟೆಂಟನ್: ಅಟ್ಟದ ಕಾಗದಗಳಿಗೆ ಮರುಜೀವ ಕೊಟ್ಟ ಮನೆ

ಉತ್ತರ ಫಿಲಡೆಲ್ಫಿಯಾದ ಲೋಗನ್ ಬಡಾವಣೆಯ ಒತ್ತೊತ್ತಾದ ಮನೆಸಾಲುಗಳ ನಡುವೆ ಸುಮಾರು ಮೂರು ಎಕರೆ ಹಸಿರು ಉಳಿದಿದೆ. ಅದರೊಳಗಿನ ಕೆಂಪು ಇಟ್ಟಿಗೆಯ ಬಂಗಲೆಯೇ ಸ್ಟೆಂಟನ್. ಹಿಂದೆ ಐನೂರು ಎಕರೆಗೂ ಮಿಕ್ಕ ಜಮೀನು ಇದಕ್ಕಿತ್ತು. ಪಕ್ಕದಲ್ಲಿ ಹರಿಯುತ್ತಿದ್ದ ವಿಂಗೊಹಾಕಿಂಗ್ ಹಳ್ಳ ಈಗ ರಸ್ತೆಗಳಡಿಯ ಕೊಳವೆ ಸೇರಿದೆ. ಒಳಗೆ ಕಾಲಿಟ್ಟರೆ ಹಜಾರದ ನೆಲಕ್ಕೂ ಇಟ್ಟಿಗೆಯದೇ ಹಾಸು.

ಪೆನ್ಸಿಲ್ವೇನಿಯಾ ವಸಾಹತಿನ ಸ್ಥಾಪಕ ವಿಲಿಯಂ ಪೆನ್‌ಗೆ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಲೋಗನ್ 1730ರ ಹೊತ್ತಿಗೆ ಇದನ್ನು ಕಟ್ಟಿ ಮುಗಿಸಿದ. ದೊಡ್ಡ ಪುಸ್ತಕಪ್ರೇಮಿ, ವಿದ್ವಾಂಸ. ಆದರೆ 1737ರಲ್ಲಿ ಲೆನಾಪಿ ಮೂಲನಿವಾಸಿಗಳ ನೆಲವನ್ನು ಮೋಸದಿಂದ ಕಿತ್ತುಕೊಂಡ ‘ವಾಕಿಂಗ್ ಪರ್ಚೇಸ್’ ವ್ಯವಹಾರದಲ್ಲೂ ಅವನ ಕೈಯಿತ್ತು. ಇದನ್ನು ಮರೆತು ಮನೆಯ ಚೆಲುವನ್ನಷ್ಟೇ ಹೊಗಳಲು ನನಗೆ ಮನಸ್ಸಾಗದು.

ನನ್ನನ್ನು ಇಲ್ಲಿಗೆ ಸೆಳೆಯುವವಳು ಅವನ ಮೊಮ್ಮಗ ಜಾರ್ಜ್ ಲೋಗನ್‌ನ ಕೈಹಿಡಿದು 1781ರಲ್ಲಿ ಸೊಸೆಯಾಗಿ ಬಂದ ಡೆಬೊರಾ ನಾರಿಸ್. ತವರು ಸಾಮಾನ್ಯದ್ದಲ್ಲ. ತಾತ ಫಿಲಡೆಲ್ಫಿಯಾದ ಮೇಯರ್ ಆಗಿದ್ದ. ಮುಂದೆ ‘ಲಿಬರ್ಟಿ ಬೆಲ್’ ಎಂದು ಹೆಸರಾದ ಗಂಟೆಯನ್ನು ತರಿಸಿದ್ದು ದೊಡ್ಡಪ್ಪ ಐಸಾಕ್ ನಾರಿಸ್. ತವರುಮನೆ ಇದ್ದದ್ದು ವಸಾಹತಿನ ಸರ್ಕಾರಿ ಭವನವಾದ ಸ್ಟೇಟ್ ಹೌಸ್‌ನ ಮಗ್ಗುಲಲ್ಲೇ. 1776ರ ಜುಲೈ 8ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿ ಜನರೆದುರು ಓದಿದಾಗ, ಹದಿನಾಲ್ಕರ ಹುಡುಗಿ ಡೆಬೊರಾ ತೋಟದ ಬೇಲಿಯ ಬಳಿ ನಿಂತು ಕೇಳಿಸಿಕೊಂಡಿದ್ದಳು.

ಅವಳು ಸ್ಟೆಂಟನ್‌ಗೆ ಬರುವ ಮೊದಲೇ ಈ ಮನೆ ಬೂದಿಯಾಗಬೇಕಿತ್ತು. ಸ್ವಾತಂತ್ರ್ಯ ಯುದ್ಧದ ನಡುವೆ, 1777ರಲ್ಲಿ, ಬೆಂಕಿ ಹಚ್ಚಲು ಬಂದ ಇಬ್ಬರು ಬ್ರಿಟಿಷ್ ಸೈನಿಕರು ಹುಲ್ಲು ತರಲೆಂದು ಕೊಟ್ಟಿಗೆಗೆ ಹೋಗಿದ್ದರಂತೆ. ಅಷ್ಟರಲ್ಲಿ ಸೇನೆ ಬಿಟ್ಟು ಓಡಿದವರನ್ನು ಹುಡುಕುತ್ತ ಒಬ್ಬ ಅಧಿಕಾರಿ ಬಂದ. ಮನೆಯಲ್ಲಿದ್ದ ಡೈನಾ, “ಅಂಥವರು ಕೊಟ್ಟಿಗೆಯಲ್ಲಿದ್ದಾರೆ” ಎಂದು ಕೈ ತೋರಿದಳು. ಅವನು ಅವರನ್ನೇ ಹಿಡಿದುಕೊಂಡು ಹೋದ. ಈ ಕುಟುಂಬದ ಗುಲಾಮಳಾಗಿದ್ದು, 1776ರಲ್ಲಷ್ಟೇ ಬಿಡುಗಡೆ ಪಡೆದಿದ್ದ ಕಪ್ಪು ಹೆಂಗಸು ಅವಳು. ಮನೆಯ ಚರಿತ್ರೆಯಲ್ಲಿ ಯಜಮಾನರಷ್ಟೇ ಜಾಗ ಅವಳಿಗೂ ಸಲ್ಲಬೇಕು.

ಡೈನಾ ಉಳಿಸಿದ ಮನೆಯ ಅಟ್ಟದಲ್ಲಿ ಡೆಬೊರಾಗೆ ಸಿಕ್ಕಿದ್ದು ಹಳೇ ಕಾಗದಗಳ ರಾಶಿ: ಪೆನ್ ಮತ್ತು ಜೇಮ್ಸ್ ಲೋಗನ್ ನಡುವಿನ ಪತ್ರಗಳು. ತೇವಕ್ಕೆ ಮುಗ್ಗಿ, ಹರಿದು, ಅಕ್ಷರ ಮಾಸಿದ್ದ ಅವನ್ನು ಇನ್ನೊಬ್ಬರಾದರೆ ಒಲೆಗೆ ಹಾಕುತ್ತಿದ್ದರೇನೋ. 1814ರ ಸುಮಾರಿಗೆ, ಐವತ್ತು ದಾಟಿದ್ದ ಡೆಬೊರಾ ಅವನ್ನು ನಕಲು ಮಾಡಲು ಕೂತಳು. ಹಗಲಿಡೀ ಮನೆವಾರ್ತೆ; ಹಾಗಾಗಿ ಮನೆಮಂದಿ ಏಳುವ ಮುನ್ನವೇ ಎದ್ದು, ಕಣ್ಣಿಗೆ ಹತ್ತದ ಕೈಬರಹವನ್ನು ಬಿಡಿಸಿ ಬಿಡಿಸಿ ಓದಿ, ಸಾವಿರಾರು ಪುಟ ಬರೆದಳು. ಜೊತೆಗೆ 1815ರಿಂದ 1839ರಲ್ಲಿ ತೀರಿಕೊಳ್ಳುವವರೆಗೂ ದಿನಚರಿ ಇಟ್ಟಳು. ಅದೇ ಹದಿನೇಳು ಸಂಪುಟ. 1827ರಲ್ಲಿ ಪೆನ್ಸಿಲ್ವೇನಿಯಾದ ಹಿಸ್ಟಾರಿಕಲ್ ಸೊಸೈಟಿ ಆಕೆಯನ್ನು ಗೌರವ ಸದಸ್ಯೆಯನ್ನಾಗಿಸಿತು. ಆ ಮನ್ನಣೆ ಪಡೆದ ಮೊದಲ ಮಹಿಳೆ ಅವಳೇ. ನಕಲು ಮಾಡಿದ ಪತ್ರಗಳನ್ನು ಸೊಸೈಟಿ 1870ರ ದಶಕದ ಆರಂಭದಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿತು.

1899ರಿಂದ ಮನೆಯ ಉಸ್ತುವಾರಿಯೂ ಮಹಿಳೆಯರದೇ ಒಂದು ಸಂಘದ್ದು. ಈಗ ಇದು ವಸ್ತುಸಂಗ್ರಹಾಲಯ. ವೇಯ್ನ್ ಜಂಕ್ಷನ್ ರೈಲು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು.