ನಿಮಗಿದು ಗೊತ್ತೆ? ಮೂಕವಾಗುವ ಜೀನುಗಳು

ಮಾನವನ ಒಂದೊಂದು ಜೀವಕೋಶದಲ್ಲಿಯೂ ಸುಮಾರು 2 ಮೀಟರು ಉದ್ದದ ಡಿಎನ್‌ಎ ತಂತುವು, ಹಿಸ್ಟೋನುಗಳೆಂಬ ಪ್ರೋಟೀನುಗಳನ್ನು ಕದಿರಿಗೆ ಸುತ್ತಿದ ನೂಲಿನಂತೆ ಬಳಸಿಕೊಂಡು, ಬರಿಗಣ್ಣಿಗೆ ಕಾಣದಷ್ಟು ಕಿರಿದಾದ ಕೋಶಕೇಂದ್ರದೊಳಗೆ ಅಡಕವಾಗಿರುವುದು. ಈ ಸಂಯುಕ್ತಕ್ಕೆ ಕ್ರೊಮಾಟಿನ್ ಎಂದು ಹೆಸರು. ಅದರ ಹೆಣಿಗೆ ಸಡಿಲವಾಗಿರುವೆಡೆ ಜೀನುಗಳು ಸಾಮಾನ್ಯವಾಗಿ ಕಾರ್ಯಪ್ರವೃತ್ತವಾಗುವುವು, ಬಿಗಿದಿರುವೆಡೆ ಸ್ತಬ್ಧವಾಗುವುವು. ಹಾವಸೆಗಳ ಕೋಶಗಳಲ್ಲಿ ಸದಾ ಬಿಗಿದೇ ಇರುವ ಇಂತಹ ಭಾಗಗಳನ್ನು ಗುರುತಿಸಿ, 1928ರಲ್ಲಿಯೇ ಜರ್ಮನ್ ಸಸ್ಯವಿಜ್ಞಾನಿ ಎಮಿಲ್ ಹೈಟ್ಸ್ ಅವರು ಹೆಟೆರೊಕ್ರೊಮಾಟಿನ್ ಎಂದು ಕರೆದಿದ್ದರು.

ಕೋಶಗಳ ಅತಿವೃದ್ಧಿಯನ್ನು ತಡೆಯಬೇಕಾದ ಪಿ16, ಡಿಎನ್‌ಎಯ ದೋಷಗಳನ್ನು ತಿದ್ದಲು ನೆರವಾಗಬೇಕಾದ ಎಂಎಲ್‌ಎಚ್1 ಮೊದಲಾದ ಜೀನುಗಳು, ತಮ್ಮ ಅಕ್ಷರಕ್ರಮದಲ್ಲಿ ಯಾವ ವ್ಯತ್ಯಯವೂ ಇಲ್ಲದಿದ್ದರೂ, ಮೀಥೈಲ್ ಗುಂಪುಗಳೆಂಬ ರಾಸಾಯನಿಕ ಮುದ್ರೆ ಬಿದ್ದು, ಸುತ್ತಲಿನ ಕ್ರೊಮಾಟಿನ್ ಬಿಗಿದು, ಕೆಲವು ಕ್ಯಾನ್ಸರುಗಳಲ್ಲಿ ಮೂಕವಾಗಿಬಿಡುವುದುಂಟು. ಜೀನು ನಾಶವಾಗದೆ ಕೇವಲ ಮೂಕವಾಗಿರುವುದರಿಂದ ಅದನ್ನು ಪುನಃ ಎಚ್ಚರಿಸಬಹುದೆಂಬುದು, ನನಗೆ ತೋರುವಂತೆ, ಈ ವಿಷಯದ ಅತ್ಯಂತ ಆಶಾದಾಯಕವಾದ ಸಂಗತಿ. 1964ರಲ್ಲಿ ಪ್ರಾಗ್ ನಗರದ ರಸಾಯನವಿಜ್ಞಾನಿಗಳು ಸಂಶ್ಲೇಷಿಸಿದ ಅಜಾಸಿಟಿಡಿನ್ ಎಂಬ ವಸ್ತುವು ಈ ಮುದ್ರೆಯನ್ನೊತ್ತುವ ಕಿಣ್ವವನ್ನೇ ಹಿಡಿದು ಕಟ್ಟಿಹಾಕುವುದೆಂದು ಮುಂದೆ ತಿಳಿದುಬಂದಿತು. 2004ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಎಂಬ ಅಸ್ಥಿಮಜ್ಜೆಯ ವ್ಯಾಧಿಯ ಚಿಕಿತ್ಸೆಗೆ ಅದನ್ನು ಅಂಗೀಕರಿಸಿತು.