ಕೌದಿಯನ್ನು ಓದುವುದು ಹೇಗೆ?

ಇತಿಹಾಸದ ಆಧಾರಗಳು ಯಾವುವು ಎಂದು ಪರೀಕ್ಷೆಯಲ್ಲಿ ಕೇಳಿದರೆ ಶಾಸನ, ನಾಣ್ಯ, ತಾಳೆಗರಿ, ಕೋಟೆ ಕೊತ್ತಲ ಎಂದು ನೀವು ಥಟ್ಟನೆ ಬರೆಯುತ್ತೀರಿ. ಉತ್ತರ ಸರಿಯೇ. ಆದರೆ ಇವು ಹೆಚ್ಚಾಗಿ ಅರಸರು, ಅಧಿಕಾರಿಗಳು, ದಾನಿಗಳು ಬಿಟ್ಟುಹೋದ ಗುರುತುಗಳು. ಹೊಲದಲ್ಲಿ ದುಡಿದ ಮುತ್ತಜ್ಜಿಯ ಹೆಸರು ಯಾವ ಶಾಸನದಲ್ಲೂ ಸಿಗುವುದಿಲ್ಲ. ಆಕೆ ಉಟ್ಟ ಸೀರೆಯ ಒಂದು ತುಂಡು ಮಾತ್ರ ಮನೆಯ ಹಾಸಿಗೆಯ ಸುರುಳಿಯಲ್ಲಿ ಇನ್ನೂ ಇರಬಹುದು. ಅದನ್ನು ಉಳಿಸಿಕೊಂಡು ಬಂದಿರುವ ವಸ್ತುವೇ ಕೌದಿ.

ಕೌದಿ ಎಂದರೇನು?

ಹಳೆಯ ಸೀರೆ, ಧೋತರ, ರುಮಾಲು, ಅಂಗಿ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸೂಜಿಯನ್ನು ಮೇಲೆ ಕೆಳಗೆ ತೂರಿಸುತ್ತ ಸಾಲು ಸಾಲಾಗಿ ಹೊಲಿದರೆ ಕೌದಿಯಾಗುತ್ತದೆ. ಹಾಸಲು, ಹೊದೆಯಲು, ಕೂಸನ್ನು ಮಲಗಿಸಲು ಎಲ್ಲಕ್ಕೂ ಇದು ಬೇಕು. ಉತ್ತರ ಕರ್ನಾಟಕದಲ್ಲಿ ಇದರ ಬಳಕೆ ಹೆಚ್ಚು. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಪ್ರಾಂತದ ರಲ್ಲಿ ಇವೆಲ್ಲ ಇದರ ಬಂಧುಗಳು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಕಂತೆ, ಬೊಂತೆ ಎರಡೂ ತೇಪೆ ಹಾಕಿ ಹೊಲಿದ ಬಟ್ಟೆಯ ಹೆಸರುಗಳೇ.

ಕೌದಿ ಬೆಚ್ಚಗಿಡುವುದು ಹೇಗೆ? ಬಟ್ಟೆ ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿ ಶಾಖದ ಮಂದವಾಹಕ. ಆದ್ದರಿಂದ ನಮ್ಮ ಮೈಯ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಒತ್ತೊತ್ತಾದ ಹೊಲಿಗೆ ಪದರಗಳು ಜಾರದಂತೆ ಹಿಡಿದಿಡುತ್ತದೆ. ಒಂದು ಕಡೆ ಬಟ್ಟೆ ಹರಿದರೂ ಸುತ್ತಲಿನ ಹೊಲಿಗೆ ಅದನ್ನು ಬಿಟ್ಟುಕೊಡುವುದಿಲ್ಲ. ಒಂಟಿಯಾಗಿ ನಾಲ್ಕು ದಿನ ಬಾಳದ ಜೀರ್ಣ ಬಟ್ಟೆ ಕೌದಿಯಲ್ಲಿ ವರ್ಷಗಟ್ಟಲೆ ಬಾಳುವುದರ ಗುಟ್ಟು ಇದೇ.

ತುಂಡುಗಳ ಸಾಕ್ಷ್ಯ

ಈಗ ಕೌದಿಯನ್ನು ಓದೋಣ. ಮೊದಲು ತುಂಡುಗಳನ್ನು ಗುರುತಿಸಬೇಕು. ಕೆಂಪು ಸೆರಗಿನಲ್ಲಿ ಬಿಳಿಯ ತೆನೆಯ ಸಾಲು ಕಂಡರೆ ಅದು ಇಳಕಲ್ ಸೀರೆಯ ತೋಪು ತೆನಿ ಸೆರಗು ಇರಬಹುದು. ಸಣ್ಣ ಸಣ್ಣ ನೇಯ್ದ ಬುಟ್ಟಾಗಳಿರುವ ತುಂಡು ಗುಳೇದಗುಡ್ಡದ ಖಣವಿರಬಹುದು, ಎಂದರೆ ಅದು ಒಂದು ಕಾಲದ ಕುಪ್ಪಸ. ಈ ಬಟ್ಟೆ ಮನೆಗೆ ಯಾವ ಸಂತೆಯಿಂದ ಬಂತು, ಯಾರ ಮದುವೆಗೆ ತಂದದ್ದು ಎಂಬ ಪ್ರಶ್ನೆಗಳು ಇಲ್ಲಿಂದ ಹುಟ್ಟುತ್ತವೆ.

ಎರಡನೆಯದು ಕಾಲನಿರ್ಣಯ. ಪುರಾತತ್ವ ಶಾಸ್ತ್ರಜ್ಞರು ಬಳಸುವ ಸರಳ ನಿಯಮವೊಂದನ್ನು ಇಲ್ಲಿಯೂ ಬಳಸಬಹುದು: ಒಂದು ವಸ್ತು ತನ್ನೊಳಗಿನ ಅತ್ಯಂತ ಹೊಸ ಭಾಗಕ್ಕಿಂತ ಹಳೆಯದಾಗಿರಲಾರದು. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಮೊದಲು ತಯಾರಿಸಿದ್ದು 1941ರಲ್ಲಿ. ಕೌದಿಯ ಒಳಪದರದಲ್ಲಿ ಪಾಲಿಯೆಸ್ಟರ್ ಇದ್ದರೆ ಅದು ಅದಕ್ಕಿಂತ ಈಚಿನದೆಂಬುದು ಖಚಿತ. ಮೇಲಿನ ಪದರದಲ್ಲಿ ಮಾತ್ರ ಇದ್ದರೆ ಎಚ್ಚರ ಬೇಕು: ಹಳೆಯ ಕೌದಿಗೆ ನಂತರ ಹಾಕಿದ ತೇಪೆ ಅದಾಗಿರಬಹುದು. ತೇಪೆಯ ದಾರ ಸುತ್ತಲಿನ ದಾರಕ್ಕಿಂತ ಬೇರೆಯೇ ಎಂದು ನೋಡಿ. ಬಟ್ಟೆ ಯಾವುದೆಂದು ತಿಳಿಯದಿದ್ದರೆ, ತಾನಾಗಿ ಬಿಟ್ಟುಕೊಂಡ ಒಂದೆಳೆ ನೂಲನ್ನು ಹಿರಿಯರ ಎದುರಿನಲ್ಲಿ ಚಿಮಟಿಯಿಂದ ಹಿಡಿದು ಸುಟ್ಟು ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಮೂರನೆಯದು ಹೊಲಿಗೆ. ದೂರದರ್ಶನದ ಕ್ಯಾಮೆರಾಕ್ಕೆ ಬಟ್ಟೆಯನ್ನು ತೋರಿಸುವಾಗ ನಾವು ಒಂದು ಉಪಾಯ ಮಾಡುತ್ತೇವೆ. ಬೆಳಕನ್ನು ಎದುರಿನಿಂದ ಬಿಟ್ಟರೆ ಬಟ್ಟೆ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ, ಬಟ್ಟೆಗೆ ತಾಗುವಷ್ಟು ಕೆಳಗಿನಿಂದ ಬಿಟ್ಟರೆ ಪ್ರತಿ ಹೊಲಿಗೆಯ ನೆರಳೂ ಎದ್ದು ನಿಲ್ಲುತ್ತದೆ. ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದು ನೀವೂ ಇದನ್ನು ಮಾಡಬಹುದು. ಒಂದು ಮೂಲೆಯಲ್ಲಿ ಹೊಲಿಗೆ ಸಣ್ಣದಾಗಿ, ಇನ್ನೊಂದು ಕಡೆ ಉದ್ದವಾಗಿ ಇದ್ದರೆ ಇಬ್ಬರ ಕೈ ಇಲ್ಲಿ ಕೆಲಸ ಮಾಡಿದೆಯೇ ಎಂದು ಮನೆಯವರನ್ನು ಕೇಳಬಹುದು.

ಸಿದ್ಧಿ ಜನರ ಕೌದಿ

ಕೌದಿಗೂ ಚರಿತ್ರೆಗೂ ಇರುವ ನಂಟನ್ನು ತಿಳಿಯಲು ಉತ್ತರ ಕನ್ನಡ ಜಿಲ್ಲೆಗೆ ಹೋಗೋಣ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ತಾಲ್ಲೂಕುಗಳಲ್ಲಿ ಸಿದ್ಧಿ ಜನರು ನೆಲೆಸಿದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. 16ನೆಯ ಶತಮಾನದಿಂದೀಚೆಗೆ ಪೋರ್ಚುಗೀಸರು ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಪಶ್ಚಿಮ ಘಟ್ಟದ ಕಾಡು ಸೇರಿದರು. ಇಂದು ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಧರ್ಮದವರೂ ಇದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ಧಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಇಲ್ಲಿನ ಹೆಂಗಸರು ಹೊಲಿಯುವ ಕೌದಿಗೆ ‘ಕವಂದ್’ ಎಂಬ ಹೆಸರೂ ಉಂಟು. ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ಕಡೆಗೆ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ‘ಫೂಲ’, ಅಂದರೆ ಹೂವು, ಇಡುತ್ತಾರೆ. ಅದಿಲ್ಲದ ಕೌದಿ ಅವರ ಪಾಲಿಗೆ ಬರಿಮೈಯದು. ಕೆಲವು ಕ್ರೈಸ್ತ ಮನೆಗಳ ಕೌದಿಯಲ್ಲಿ ಶಿಲುಬೆ, ಕೆಲವು ಮುಸ್ಲಿಂ ಮನೆಗಳ ಕೌದಿಯಲ್ಲಿ ಅರ್ಧಚಂದ್ರ ಕಾಣುತ್ತವೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರ ನಡುವೆ ಇದ್ದು ಅಧ್ಯಯನ ನಡೆಸಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು.

ಹಾಗಾದರೆ ಈ ಹೊಲಿಗೆ ಆಫ್ರಿಕಾದಿಂದಲೇ ಬಂದದ್ದೇ? ಅವಸರಪಟ್ಟು ಹೌದೆನ್ನಬಾರದು. ಸುತ್ತಲಿನ ಕನ್ನಡ, ಮರಾಠಿ ಸೀಮೆಯಲ್ಲೆಲ್ಲ ಕೌದಿ ಹೊಲಿಯುವ ರೂಢಿ ಇದ್ದೇ ಇದೆ. ಪೂರ್ವಜರ ಮೂಲವನ್ನು ಹೇಳಲು ಬೇರೆ ಸಾಕ್ಷ್ಯಗಳಿವೆ. 2011ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳೂ ಪಾಲುಗೊಂಡು ಪ್ರಕಟಿಸಿದ ಡಿ.ಎನ್.ಎ. ಅಧ್ಯಯನವು ಸಿದ್ಧಿಗಳಲ್ಲಿ ಆಫ್ರಿಕಾದ ವಂಶಾಂಶದ ಜೊತೆಗೆ ಭಾರತೀಯ ಹಾಗೂ ಯುರೋಪಿನ ಅಂಶಗಳನ್ನೂ ತೋರಿಸಿತು. ಕೌದಿ ಹೇಳುವುದು ಇನ್ನೊಂದು ಸಂಗತಿಯನ್ನು: ಈ ಜನ ಇಲ್ಲಿ ಹೇಗೆ ಬದುಕಿದರು, ನೆರೆಯವರಿಂದ ಏನು ಪಡೆದರು, ಅದಕ್ಕೆ ತಮ್ಮದೆಂಬ ಗುರುತನ್ನು ಹೇಗೆ ಸೇರಿಸಿದರು.

ಕಥೆಯೂ ಸಾಕ್ಷ್ಯವೂ

ಈ ಎಚ್ಚರ ಏಕೆ ಬೇಕೆಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ನೋಡಿ. ಗುಲಾಮಗಿರಿಯಿಂದ ಪಾರಾಗುವವರಿಗೆ ದಾರಿ ತಿಳಿಸಲು ಕೌದಿಗಳ ಮೇಲೆ ಗುಪ್ತ ಸಂಕೇತಗಳನ್ನು ಹೊಲಿಯುತ್ತಿದ್ದರು ಎಂಬ ಕಥೆ, 1999ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ ಬಹಳ ಪ್ರಚಾರ ಪಡೆಯಿತು. ಆದರೆ ಆ ಕಾಲದ ಬರಹವಾಗಲಿ ಕೌದಿಯಾಗಲಿ ಇದಕ್ಕೆ ಆಧಾರವಾಗಿ ಸಿಕ್ಕಿಲ್ಲವೆಂದು ಅನೇಕ ಇತಿಹಾಸಕಾರರು ಆಕ್ಷೇಪಿಸಿದರು. ಅದೇ ದೇಶದಲ್ಲಿ, 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಹೊಲಿದ ಬೈಬಲ್ ಕಥೆಗಳ ಕೌದಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಭದ್ರವಾಗಿದೆ. ಅದರ ಒಂದೊಂದು ಚಿತ್ರದ ಅರ್ಥವೂ ನಮಗೆ ತಿಳಿದಿದೆ. ಕಾರಣವಿಷ್ಟೇ: ಕೊಂಡವರು ಆಕೆಯನ್ನೇ ಕೇಳಿ ವಿವರ ಬರೆದಿಟ್ಟರು.

ನಮ್ಮ ಮನೆಗಳಲ್ಲಿ ಹಾಗೆ ಬರೆದಿಟ್ಟವರು ವಿರಳ. ಕಾರ್ಖಾನೆಯ ರಗ್ಗು, ಬ್ಲಾಂಕೆಟ್ ಬಂದ ಮೇಲೆ ಕೌದಿ ಅಟ್ಟ ಸೇರಿತು. ಹತ್ತಿಯ ಸೀರೆ ಉಡುವವರು ಕಡಿಮೆಯಾದಂತೆ ಕೌದಿಗೆ ಬೇಕಾದ ಮೆತ್ತನೆಯ ಹಳೆಯ ಬಟ್ಟೆಯೂ ಕಡಿಮೆಯಾಯಿತು. ಬಟ್ಟೆ ಉಳಿದರೂ ಸಾಲದು. ‘ಇದು ನಮ್ಮವ್ವನ ಸೀರಿ, ಇದು ನಿಮ್ಮಜ್ಜನ ರುಮಾಲು’ ಎಂದು ಬೆರಳಿಟ್ಟು ಹೇಳಬಲ್ಲವರು ಇಲ್ಲವಾದ ದಿನ ಅದು ಬರಿಯ ಚಿಂದಿಯ ಹಾಸಾಗುತ್ತದೆ.

ನೀವೇನು ಮಾಡಬಹುದು?

ಮುಂದಿನ ರಜೆಯಲ್ಲಿ ಮನೆಯ ಕೌದಿಯನ್ನು ನೆರಳಿನಲ್ಲಿ ಹರಡಿ, ಅಜ್ಜಿಯನ್ನೋ ದೊಡ್ಡಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಾಗದದ ಮೇಲೆ ಕೌದಿಯ ನಕ್ಷೆ ಬರೆದು, ತುಂಡುಗಳಿಗೆ ಸಂಖ್ಯೆ ಕೊಟ್ಟು, ಒಂದೊಂದು ಯಾರದೆಂದು ಕೇಳಿ ಬರೆಯಿರಿ. ಅವರಾಡಿದ ಮಾತನ್ನು ಅವರಾಡಿದಂತೆಯೇ ಬರೆಯಿರಿ. ಖಚಿತವಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕಿ. ಇಬ್ಬರು ಹಿರಿಯರು ಬೇರೆ ಬೇರೆ ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ತೇವ ಕೂತು ಬೂಷ್ಟು ಬರುತ್ತದೆ; ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕಡೆಯದಾಗಿ, ಅಂಗೈಯಗಲದ ಬಿಳಿಯ ಬಟ್ಟೆಯ ಮೇಲೆ ಹೊಲಿದವರ ಹೆಸರು, ಊರು, ತಿಳಿದಷ್ಟು ವರ್ಷವನ್ನು ದಾರದಿಂದ ಹೊಲಿದು ಕೌದಿಯ ಹಿಂಬದಿಯ ಮೂಲೆಗೆ ಸೇರಿಸಿ. ಶಾಯಿ ಬೇಡ, ಒಗೆತದಲ್ಲಿ ಹರಡೀತು.