ನೆಲದಡಿಯ ಕೋಣೆಗೆ ನೀರು ಎಲ್ಲಿಂದ?

ನೆಲಮಟ್ಟಕ್ಕಿಂತ ಕೆಳಗಿರುವ ಕೋಣೆಯ ಗೋಡೆಗೆ ನೀರು ನಾಲ್ಕು ಬಗೆಯಲ್ಲಿ ಸೇರುತ್ತದೆ: ಪಕ್ಕದ ಮಣ್ಣಿನಿಂದ ಒಸರುತ್ತದೆ, ತಳಪಾಯದಿಂದ ಮೇಲೇರುತ್ತದೆ, ಸಂಪಿನಿಂದಲೋ ಪೈಪಿನಿಂದಲೋ ಸೋರುತ್ತದೆ, ಇಲ್ಲವೇ ಕೋಣೆಯೊಳಗಿನ ಗಾಳಿಯಿಂದಲೇ ಬಂದು ಕೂರುತ್ತದೆ. ಬೂಷ್ಟು ಹಿಡಿಯುವುದು ಇದಾದ ಮೇಲೆ. ಬೂಷ್ಟಿನ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತವೆ. ಗೋಡೆಗೆ ತಾಗಿದ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 80ನ್ನು ದಾಟಿ ದಿನಗಟ್ಟಲೆ ಹಾಗೆಯೇ ಉಳಿದರೆ ಅವು ಬಣ್ಣ, ಮರ, ಬಟ್ಟೆ, ದೂಳು ಏನು ಸಿಕ್ಕಿದರೂ ಅದರ ಮೇಲೆ ಬೆಳೆಯುತ್ತವೆ. ನೀರಿನ ಮೂಲ ಹುಡುಕದೆ ಬಣ್ಣ ಬಳಿದರೆ ಬೂಷ್ಟಿಗೆ ಹೊಸ ಆಹಾರ ಕೊಟ್ಟಂತಾಗುತ್ತದೆ.

ಬೆಂಗಳೂರಿನಲ್ಲಿ ಇಂಥ ಕೋಣೆಗಳು ಹೇಗಾಗುತ್ತವೆ ನೋಡಿ. ಪಶ್ಚಿಮ ಬೆಂಗಳೂರಿನ ಬಹುಭಾಗದ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಹೀಗಾಗಿ ಬಸವೇಶ್ವರನಗರ, ವಿಜಯನಗರಗಳ ಇಳಿಜಾರು ಬೀದಿಗಳಲ್ಲಿ ಮುಂದಿನಿಂದ ನೆಲಮಹಡಿಯಾಗಿ ಕಾಣುವ ಕೋಣೆ ಹಿಂಬದಿಯಲ್ಲಿ ಮಣ್ಣಿಗೆ ಒರಗಿ ನಿಂತಿರುವುದುಂಟು. ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಇನ್ನೊಂದು ಬಗೆಯ ಬೇಸ್‌ಮೆಂಟ್ ಇದೆ. ಅದನ್ನು ಯಾರೂ ಕಟ್ಟಿಸಿದ್ದಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಎತ್ತರವಾಗಿ, ಮೆಟ್ಟಿಲು ಹತ್ತಿ ಹೋಗಬೇಕಿದ್ದ ಮನೆಗಳಿಗೆ ಈಗ ಮೆಟ್ಟಿಲು ಇಳಿದು ಹೋಗಬೇಕಾಗಿದೆ. ತೇವ ಮೇಲೇರದಂತೆ ತಳಪಾಯದ ಮೇಲೆ ಹಾಕಿದ್ದ ತಡೆಪದರವೂ ಅಲ್ಲಿ ಮಣ್ಣಿನೊಳಗೆ ಹೂತುಹೋಗಿರುತ್ತದೆ.

ಕಾರಣ ಹುಡುಕಲು ಮೊದಲು ಬೇಕಾದದ್ದು ಒಂದು ಕ್ಯಾಲೆಂಡರ್. ತೇವ ಯಾವ ದಿನ ಹೆಚ್ಚಿತು, ಆ ದಿನ ಮಳೆಯಿತ್ತೇ, ಸಂಪು ತುಂಬಿತ್ತೇ ಎಂದು ಗುರುತು ಹಾಕುತ್ತ ಬಂದರೆ ಅರ್ಧ ಉತ್ತರ ಸಿಕ್ಕಿತು. ಮಳೆ ಬಂದ ಕೆಲವೇ ಗಂಟೆಗಳಲ್ಲೋ ಮಾರನೆಯ ದಿನವೋ ಒದ್ದೆಯಾಗಿ ಬೇಸಿಗೆಯಲ್ಲಿ ಒಣಗುವ ಗೋಡೆಗೆ ನೀರು ಬರುತ್ತಿರುವುದು ಹೊರಗಿನ ಮಣ್ಣಿನಿಂದ. ಫೆಬ್ರುವರಿ, ಮಾರ್ಚ್‌ನಲ್ಲೂ ಒಣಗದ ಕಲೆಗೆ ಮಳೆಯನ್ನು ದೂರುವಂತಿಲ್ಲ. ಅಲ್ಲಿ ಪೈಪು, ಸಂಪು ಅಥವಾ ಒಳಚರಂಡಿ ಚೇಂಬರನ್ನು ಶಂಕಿಸಬೇಕು. ಮಳೆ ಬರಲಿ ಬಿಡಲಿ, ಮೋಡ ಕವಿದ ಜುಲೈ, ಆಗಸ್ಟ್‌ನಲ್ಲಿ ಬೀರುವಿನ ಹಿಂಬದಿಯಲ್ಲಿ, ಮೂಲೆಗಳಲ್ಲಿ ಬೂಷ್ಟು ಹಬ್ಬಿದರೆ ಅದು ಗಾಳಿಯ ತೇವ.

ಈ ಕೊನೆಯದನ್ನು ಜನ ನಂಬುವುದು ಕಷ್ಟ, ಏಕೆಂದರೆ ಗೋಡೆಯ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಮಣ್ಣಿಗೆ ಒರಗಿದ ಗೋಡೆ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರವೇ ಇರುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್. ಹೊರಗೆ 28 ಡಿಗ್ರಿ ಉಷ್ಣತೆ, ಶೇಕಡಾ 70 ಆರ್ದ್ರತೆ ಇದೆ ಎನ್ನೋಣ. ಆ ಗಾಳಿಯಲ್ಲಿ ಹನಿ ಕಟ್ಟಬೇಕಾದರೆ ಗೋಡೆ 22 ಡಿಗ್ರಿಗೆ ತಣಿಯಬೇಕು. 24 ಡಿಗ್ರಿಯ ಗೋಡೆಯ ಮೇಲೆ ಹನಿ ಕಟ್ಟದು, ಆದರೆ ಅದಕ್ಕೆ ತಾಗಿದ ಗಾಳಿಯ ಆರ್ದ್ರತೆ ಶೇಕಡಾ 89ರಷ್ಟಾಗುತ್ತದೆ. ಬೂಷ್ಟಿಗೆ ಅಷ್ಟು ಸಾಕು. ಹೀಗಾಗಿ ಗಾಳಿಯಾಡಲೆಂದು ಮಳೆಗಾಲದ ಮಧ್ಯಾಹ್ನ ಕಿಟಕಿ ತೆರೆದಿಟ್ಟರೆ ತೇವ ಹೆಚ್ಚುವುದೂ ಉಂಟು. ಏಪ್ರಿಲ್‌ನ ಒಣಗಾಳಿಗೆ ಅದೇ ಕಿಟಕಿ ಮದ್ದಾಗುತ್ತದೆ.

ಗಾಳಿಯ ತೇವವೋ ಗೋಡೆಯ ತೇವವೋ ತಿಳಿಯಲು ಒಂದು ಅಗ್ಗದ ಪರೀಕ್ಷೆಯಿದೆ. ಎರಡು ಅಂಗೈ ಅಗಲದ, ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂದೆ ಹನಿಗಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಮೇಲ್ಮೈ ಒದ್ದೆಯಾಗಿ ಹಿಂಬದಿ ಒಣಗಿದ್ದರೆ ಕೋಣೆಯ ಗಾಳಿಯಿಂದ. ಎರಡೂ ಕಡೆ ಒದ್ದೆಯಾಗಿದ್ದರೆ ಎರಡು ಕಾರಣಗಳೂ ಇವೆ ಎಂದೇ ಅರ್ಥ, ಮತ್ತು ಇದು ಅಪರೂಪವೇನಲ್ಲ.

ಬೆಂಗಳೂರಿನ ಮನೆಗಳಲ್ಲಿ ತಪ್ಪದೆ ನೋಡಬೇಕಾದದ್ದು ಸಂಪು. ಕಾವೇರಿ ನೀರು ದಿನಬಿಟ್ಟು ದಿನ ಬರುವ ಬೀದಿಗಳಲ್ಲಿ ಸಾವಿರಾರು ಲೀಟರ್ ನೀರು ಕಾರು ನಿಲ್ಲಿಸುವ ಜಾಗದ ಕೆಳಗೆ, ಹಲವೆಡೆ ಬೇಸ್‌ಮೆಂಟಿನ ಗೋಡೆಗೆ ತಾಗಿಕೊಂಡೇ ನಿಂತಿರುತ್ತದೆ. ರಾತ್ರಿ ಒಳಹರಿವಿನ ವಾಲ್ವ್ ಮುಚ್ಚಿ, ಮೋಟಾರ್ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಮಾಡಿ ಬೆಳಿಗ್ಗೆ ಅಳೆಯಬೇಕು. ಆರಡಿಗೆ ಆರಡಿ ಸಂಪಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೂ 33 ಲೀಟರಿಗಿಂತ ಹೆಚ್ಚು ನೀರು ಹೋಗಿದೆ. ಇನ್ನೂ ಕೆಲವು ದಿನ ಹಾಗೆಯೇ ಬಿಟ್ಟರೆ ಮಟ್ಟ ಇಳಿದು ಒಂದು ಕಡೆ ನಿಲ್ಲುತ್ತದೆ. ಬಿರುಕು ಸಾಮಾನ್ಯವಾಗಿ ಅದೇ ಎತ್ತರದಲ್ಲಿರುತ್ತದೆ. ಈ ಬಿರುಕನ್ನು ಉದಾಸೀನ ಮಾಡುವುದು ಅಪಾಯ. ಸಂಪು ಖಾಲಿಯಾದಾಗ ಹೊರಗಿನ ಕೊಳೆನೀರು ಅದೇ ದಾರಿಯಲ್ಲಿ ಕುಡಿಯುವ ನೀರಿಗೆ ಸೇರಬಲ್ಲದು. ಪೈಪುಗಳ ಪರೀಕ್ಷೆ ಸುಲಭ: ಮೀಟರಿನ ನಂತರದ ನಲ್ಲಿಗಳನ್ನೆಲ್ಲ ಮುಚ್ಚಿ, ನೀರು ಬರುವ ಹೊತ್ತಿನಲ್ಲಿ ಮೀಟರ್ ತಿರುಗುತ್ತದೆಯೇ ನೋಡಬೇಕು. ಒಳಚರಂಡಿ ಚೇಂಬರಿಗೆ ಬಣ್ಣದ ನೀರು ಸುರಿದು ಗೋಡೆಯನ್ನು ಕಾಯಬಹುದು. ವಾಸನೆಯೇ ಎಷ್ಟೋ ಸಲ ಮೊದಲು ಹೇಳಿಬಿಡುತ್ತದೆ.

ಮಳೆನೀರಿನ ವಿಷಯಕ್ಕೆ ಬಂದರೆ, 30x40 ಅಡಿ ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 5,500 ಲೀಟರ್ ನೀರಾಗುತ್ತದೆ. ಸೂರಿನಿಂದ ಇಳಿದ ಪೈಪು ಗೋಡೆಯ ಬುಡದಲ್ಲೇ ಕೊನೆಗೊಂಡಿದೆಯೇ, ಕಾಂಪೌಂಡಿನ ಪಕ್ಕದ ಸಂದಿನ ನೆಲ ಮನೆಯ ಕಡೆಗೆ ವಾಟವಾಗಿದೆಯೇ ಎಂಬುದನ್ನು ಜಡಿಮಳೆಯಲ್ಲೇ ನಿಂತು ನೋಡಬೇಕು. ಬೆಂಗಳೂರಿನಲ್ಲಿ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯವಾಯಿತು. ಒಳ್ಳೆಯ ಕ್ರಮವೇ ಸರಿ, ಆದರೆ ಇಕ್ಕಟ್ಟಾದ ಸೈಟಿನಲ್ಲಿ ಇಂಗುಗುಂಡಿಯನ್ನು ಬೇಸ್‌ಮೆಂಟ್ ಗೋಡೆಯ ಪಕ್ಕದಲ್ಲೇ ತೋಡಿದರೆ ಅಲ್ಲಿ ಇಂಗಿದ ನೀರು ಕೋಣೆಯನ್ನೇ ಸೇರುತ್ತದೆ.

ತಳಪಾಯದಿಂದ ಏರುವ ತೇವದ ಗುರುತು ಬೇರೆ. ನೆಲದಿಂದ ಮೇಲಕ್ಕೆ ಹೆಚ್ಚುಕಡಿಮೆ ಒಂದೇ ಎತ್ತರದ ಪಟ್ಟಿ, ಅದರ ಅಂಚಿನಲ್ಲಿ ಬಿಳಿ ಉಪ್ಪು. ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ, ಗಾರೆಗಳ ಸೂಕ್ಷ್ಮರಂಧ್ರಗಳು ನೀರು ಹೀರುತ್ತವೆ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು: 0.1 ಮಿಲಿಮೀಟರ್ ತ್ರಿಜ್ಯಕ್ಕೆ 15 ಸೆಂಟಿಮೀಟರ್, 0.01ಕ್ಕೆ ಒಂದೂವರೆ ಮೀಟರ್. ನಿಜವಾದ ಗೋಡೆಯಲ್ಲಿ ಆವಿಯಾಗುವಿಕೆ ಇದನ್ನು ಸಾಮಾನ್ಯವಾಗಿ ಒಂದು ಮೀಟರ್ ಸುತ್ತಮುತ್ತ ತಡೆದು ನಿಲ್ಲಿಸುತ್ತದೆ. ಗೋಡೆಯ ನಡುವೆಯೋ ಮೇಲ್ಭಾಗದಲ್ಲೋ ಇರುವ ಒಂಟಿ ಕಲೆ ಈ ಬಗೆಯದಲ್ಲ.

ಮೂಲ ಸಿಕ್ಕಿ ಅದನ್ನು ಸರಿಪಡಿಸಿದ ಮೇಲೂ ಗೋಡೆಯನ್ನು ಅವಸರದಲ್ಲಿ ಮುಚ್ಚಬಾರದು. ಬೂಷ್ಟನ್ನು ಒಣ ಪೊರಕೆಯಿಂದ ಕೆರೆದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಮಾಸ್ಕ್ ಹಾಕಿಕೊಂಡು ಸೋಪುನೀರಿನ ಬಟ್ಟೆಯಿಂದ ಒರೆಸಬೇಕು. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಆಸ್ತಮಾ, ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಹೀಗಾಗಿ ಆಸ್ತಮಾ ಇರುವವರು ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು. ಒದ್ದೆ ಗೋಡೆ ಒಣಗಲು ಒಂದು ಅಂಗುಲಕ್ಕೆ ಒಂದು ತಿಂಗಳು ಎಂಬ ಸ್ಥೂಲ ಲೆಕ್ಕವಿದೆ. ಒಂಬತ್ತು ಅಂಗುಲದ ಗೋಡೆ ಒಂದೇ ಮಗ್ಗುಲಿಂದ ಒಣಗಬೇಕಾದರೆ ಮುಕ್ಕಾಲು ವರ್ಷ. ಗಾರೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು, ಸೋರಿಕೆ ನಿಂತ ಮೇಲೂ ಮೋಡದ ದಿನಗಳಲ್ಲಿ ಹಳೆಯ ಕಲೆಯನ್ನು ಮತ್ತೆ ತೋರಿಸುತ್ತದೆ. ಅಂಥ ಕಡೆ ಗಾರೆಯನ್ನು ಇಟ್ಟಿಗೆಯವರೆಗೆ ಕೆತ್ತಿ ತೆಗೆದು, ಗೋಡೆ ಒಣಗಿದ ಮೇಲೆ ಹೊಸದಾಗಿ ಬಳಿಯಬೇಕು.